ಪ್ರಶ್ನೆಪಟ್ಟಿಯಲ್ಲಿ ಇಲ್ಲದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಕೊರಗರ ಆರೋಗ್ಯ ಸಮೀಕ್ಷೆಗೆಂದು ಹೋಗುವ ನಮ್ಮಂಥವರ ಕೈಯಲ್ಲಿ ಸಿದ್ಧ ಪ್ರಶ್ನೆಪಟ್ಟಿ ಇರುತ್ತದೆ. ಕುಡಿಯುತ್ತೀರಾ? ಎಲೆಯಡಿಕೆ ಹಾಕುತ್ತೀರಾ? ಹತ್ತಿರದ ಸಂಬಂಧದಲ್ಲೇ ಮದುವೆಯೇ? ಎಲ್ಲವೂ ಅವರ ತಪ್ಪನ್ನೇ ಹುಡುಕುವ ಪ್ರಶ್ನೆಗಳು. ಅವರಿಗೆ ನಾವೇನು ಉಣಿಸಿದೆವು ಎಂಬ ಪ್ರಶ್ನೆ ಮಾತ್ರ ಅದರಲ್ಲಿಲ್ಲ.

ಉಣಿಸಿದ್ದು ಸಾಮಾನ್ಯದ್ದೇ? ಕಾಯಿಲೆ ತೊಲಗಲೆಂದು ಮನೆಯವರ ಕೂದಲು, ಉಗುರನ್ನು ಅನ್ನದಲ್ಲಿ ಕಲಸಿ ಕೊರಗರಿಗೆ ತಿನ್ನಿಸುತ್ತಿದ್ದರು. ರೋಗ ಅವರಿಗೆ ದಾಟುತ್ತದೆಂಬ ನಂಬಿಕೆ! ಅದಕ್ಕೆ ಅಜಲು ಎಂದು ಹೆಸರು, ಸಂಪ್ರದಾಯವೆಂಬ ಮರ್ಯಾದೆ ಬೇರೆ. ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸಿದ್ದೂ ಉಂಟು. ಇದನ್ನೆಲ್ಲ ನಿಲ್ಲಿಸಲು 2000ದಲ್ಲಿ ಕಾಯಿದೆಯೇ ಬೇಕಾಯಿತು. ತಲೆತಲಾಂತರ ತನ್ನ ರೋಗವನ್ನು ಇನ್ನೊಬ್ಬರ ಬಾಯಿಗೆ ತುರುಕಿದ ಸಮಾಜ, ಈಗ ಅವರೇಕೆ ರೋಗಿಗಳೆಂದು ಸಂಶೋಧಿಸುತ್ತಿದೆ.

2001ರ ಜನಗಣತಿಯಲ್ಲಿ ರಾಜ್ಯದ ಕೊರಗರು 16 ಸಾವಿರ ದಾಟಿದ್ದರು, 2011ರಲ್ಲಿ 14,794. ಕುಡಿತ ಕಾರಣವಲ್ಲವೇ ಎನ್ನುತ್ತೀರಿ. ಕುಡಿತವಿದೆ. ಆದರೆ ಪೇಟೆಯ ಬಾರಿನಲ್ಲಿ ಕುಡಿಯುವ ಗೃಹಸ್ಥರ ಜಾತಿಗಳು ಜನಗಣತಿಯಲ್ಲಿ ಹೀಗೆ ಕರಗಿದ್ದನ್ನು ನಾನು ಕಾಣೆ.

ಬೆರಳು ಚುಚ್ಚಿ ತೆಗೆದ ರಕ್ತದ ಲೆಕ್ಕ ಪ್ರಬಂಧವಾಗುತ್ತದೆ, ಪದವಿಯಾಗುತ್ತದೆ. ರಕ್ತ ಕೊಟ್ಟ ಹೆಂಗಸಿಗೆ ಹಿಮೋಗ್ಲೋಬಿನ್ ಎಷ್ಟೆಂದು ಹೇಳಲು ಕೊಪ್ಪಕ್ಕೆ ಮರಳಿ ಹೋಗುವವರು ಎಷ್ಟು ಮಂದಿ? ಮೊದಲು ಅದನ್ನು ಹೇಳಿ ಬರೋಣ, ಮಾತ್ರೆಯನ್ನೂ ಅಕ್ಕಿಬೇಳೆಯನ್ನೂ ಅವಳ ಮನೆಗೆ ಮುಟ್ಟಿಸೋಣ. ಹೊಸ ಪ್ರಶ್ನೆಪಟ್ಟಿ ಅಚ್ಚು ಹಾಕಿಸುವುದು ಆಮೇಲೆ.