ವಾಹನಗಳಲ್ಲಿ ಮೊಬೈಲ್ ತಂತ್ರಾಂಶದ ಬಳಕೆ: ಗಣೇಶಗುಡಿ ಮಾರ್ಗದ ಚಾಲಕರು ಮತ್ತು ಅರ್ಜಿದಾರರ ಮಾಹಿತಿಗಾಗಿ

ಜೋಯಿಡಾ ತಾಲ್ಲೂಕಿನ ಗಣೇಶಗುಡಿಯು ಕಾಳಿ ನದಿಗೆ ಅಡ್ಡಲಾಗಿ ನಿರ್ಮಿಸಲಾಗಿರುವ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯ ಬಳಿಯಿರುವ ಊರಾಗಿರುತ್ತದೆ. ದಾಂಡೇಲಿಯಿಂದ ಇಲ್ಲಿಗೆ ಬಂದು ಮುಂದೆ ಜೋಯಿಡಾ, ಅಣಶಿ, ಕದ್ರಾ ಮೂಲಕ ಕಾರವಾರಕ್ಕೆ ಸಾಗುವ ರಸ್ತೆಯ ಬಹುಭಾಗವು ಕಾಡು ಮತ್ತು ಘಟ್ಟಗಳ ನಡುವೆ ಹಾದುಹೋಗುವುದರಿಂದ ಅನೇಕ ಕಡೆ ಮೊಬೈಲ್ ಸಿಗ್ನಲ್ ದುರ್ಬಲವಾಗಿದ್ದು, ಕೆಲವೆಡೆ ಪೂರ್ಣವಾಗಿ ಇಲ್ಲವಾಗುತ್ತದೆ. ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್‌ಗಾಗಿ ಬರುವ ಪ್ರವಾಸಿಗರ ಕಾರುಗಳಲ್ಲಿಯೂ, ಅವರನ್ನು ಕರೆತರುವ ಟ್ಯಾಕ್ಸಿಗಳಲ್ಲಿಯೂ ಈಗ ಮೊಬೈಲ್‌ಗೆ ಜೋಡಿಸುವ ಪರದೆಗಳು ಸಾಮಾನ್ಯವಾಗಿವೆ. ಪರದೆ ದೊಡ್ಡದಾದ ಮಾತ್ರಕ್ಕೆ ಸಿಗ್ನಲ್ ಹೆಚ್ಚುವುದಿಲ್ಲವೆಂಬುದನ್ನು ಈ ಮಾರ್ಗದಲ್ಲಿ ಸಂಚರಿಸುವವರು ಮೊದಲು ತಿಳಿಯುವುದು ಅವಶ್ಯಕ.

ಕಾರಿನ ಪರದೆ ಕಾರ್ಯನಿರ್ವಹಿಸುವ ಬಗೆ

ಆಪಲ್ ಸಂಸ್ಥೆಯ ಕಾರ್‌ಪ್ಲೇ 2014ರಲ್ಲಿ, ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಆಟೋ 2015ರಲ್ಲಿ ಬಳಕೆಗೆ ಬಂದವು. ಆಂಡ್ರಾಯ್ಡ್ ಆಟೋ ಭಾರತದಲ್ಲಿಯೂ ಅಧಿಕೃತವಾಗಿ ಲಭ್ಯವಿದೆ. ಎರಡರಲ್ಲಿಯೂ ನಕ್ಷೆ, ಸಂಗೀತ, ಕರೆ ಮುಂತಾದ ತಂತ್ರಾಂಶಗಳು ಓಡುವುದು ಚಾಲಕರ ಮೊಬೈಲ್‌ನಲ್ಲಿಯೇ ಹೊರತು ಕಾರಿನಲ್ಲಲ್ಲ. ಮೊಬೈಲ್ ಸಿದ್ಧಪಡಿಸಿದ ಚಿತ್ರವು ಯುಎಸ್‌ಬಿ ತಂತಿಯ ಮೂಲಕ ಕಾರಿನ ಪರದೆಗೆ ಹೋಗುತ್ತದೆ. ಪರದೆಯನ್ನು ಮುಟ್ಟಿದ ಮಾಹಿತಿಯು ಅದೇ ದಾರಿಯಲ್ಲಿ ಮೊಬೈಲ್‌ಗೆ ಹಿಂದಿರುಗುತ್ತದೆ. ತಂತಿರಹಿತ ವ್ಯವಸ್ಥೆಯಲ್ಲಿ ಬ್ಲೂಟೂತ್ ಮೂಲಕ ಮೊದಲ ಪರಿಚಯವಾಗಿ, ನಂತರದ ಕೆಲಸ ವೈಫೈ ಮೂಲಕ ನಡೆಯುತ್ತದೆ. ಈ ವೈಫೈಯು ಮೊಬೈಲ್ ಮತ್ತು ಕಾರಿನ ನಡುವಿನ ಸಂಪರ್ಕವಷ್ಟೇ ಆಗಿದ್ದು, ಇದನ್ನು ಅಂತರ್ಜಾಲ ಸಂಪರ್ಕವೆಂದು ಭಾವಿಸಬಾರದು. ಕೆಲವು ಹೊಸ ಕಾರುಗಳಲ್ಲಿ ತಂತ್ರಾಂಶವೂ ಸಿಮ್ ಕೂಡ ಕಾರಿನೊಳಗೇ ಇರುತ್ತವೆ. ಆದರೆ ಆ ಸಿಮ್‌ಗೂ ಗೋಪುರದ ಸಿಗ್ನಲ್ ಬೇಕಾಗಿರುವುದರಿಂದ ಘಟ್ಟದಲ್ಲಿ ಅದರ ಸ್ಥಿತಿಯೂ ಬೇರೆಯಲ್ಲ.

ಸ್ಥಳ ಗುರುತಿಸುವ ಕಾರ್ಯಕ್ಕೆ ಮಾತ್ರ ಗೋಪುರದ ಅವಶ್ಯಕತೆ ಇರುವುದಿಲ್ಲ. ಜಿಪಿಎಸ್ ಹಾಗೂ ಇಸ್ರೋದ ನಾವಿಕ್ ಉಪಗ್ರಹಗಳು ಕಳುಹಿಸುವ ಸಂಕೇತವನ್ನು ಮೊಬೈಲ್ ಕೇವಲ ಸ್ವೀಕರಿಸಿ, ಅದರಿಂದ ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಸಿಮ್ ಸಹ ಬೇಕಾಗಿಲ್ಲ. ಸಿಗ್ನಲ್ ಇರುವಾಗ ಉಪಗ್ರಹಗಳ ವಿವರವನ್ನು ಅಂತರ್ಜಾಲದಿಂದ ಬೇಗನೆ ಪಡೆಯುವ ಮೊಬೈಲ್, ಸಿಗ್ನಲ್ ಇಲ್ಲದಾಗ ಅದನ್ನು ಉಪಗ್ರಹದಿಂದಲೇ ನಿಧಾನವಾಗಿ ಪಡೆಯಬೇಕಾಗುತ್ತದೆ. ದಟ್ಟ ಮರಗಳ ಕೆಳಗೆ ಈ ವಿಳಂಬ ಇನ್ನಷ್ಟು ಹೆಚ್ಚಬಹುದು.

ತೊಡಕು ಇರುವುದು ನಕ್ಷೆಯಲ್ಲಿ. ದಾಂಡೇಲಿಯಲ್ಲಿ ಸಿಗ್ನಲ್ ಇರುವಾಗ ಮಾರ್ಗವನ್ನು ನಿಗದಿಪಡಿಸಿ ಹೊರಟಲ್ಲಿ ಆ ಮಾರ್ಗವು ಸಾಮಾನ್ಯವಾಗಿ ಪರದೆಯ ಮೇಲೆ ಮುಂದುವರಿಯುತ್ತದೆ. ಆದರೆ ಒಂದು ತಿರುವು ತಪ್ಪಿದಲ್ಲಿ ಹೊಸ ಮಾರ್ಗವನ್ನು ಲೆಕ್ಕ ಹಾಕಲು ಆ ಪ್ರದೇಶದ ನಕ್ಷೆ ಮೊಬೈಲ್‌ನಲ್ಲಿ ಇರಬೇಕು. ಇಲ್ಲದಿದ್ದಲ್ಲಿ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕೆಯಷ್ಟೇ ಉಳಿಯುತ್ತದೆ. ಕತ್ತಲಾದ ಮೇಲೆ ಕಾಡಿನ ರಸ್ತೆಯಲ್ಲಿ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಜೋಯಿಡಾ, ದಾಂಡೇಲಿ ಪ್ರದೇಶದ ನಕ್ಷೆಯನ್ನು ಹೊರಡುವ ಮುನ್ನವೇ ಮೊಬೈಲ್‌ಗೆ ಇಳಿಸಿಕೊಳ್ಳುವುದು ಸೂಕ್ತ. ಇಂತಹ ನಕ್ಷೆಗೆ ಅವಧಿ ಇರುವುದರಿಂದ ಅದನ್ನು ಆಗಾಗ್ಗೆ ನವೀಕರಿಸತಕ್ಕದ್ದು. ವಾಹನ ದಟ್ಟಣೆಯ ತತ್ಕಾಲದ ವಿವರ ಮಾತ್ರ ಇದರಲ್ಲಿ ದೊರೆಯುವುದಿಲ್ಲ. ಈ ಮಾರ್ಗದಲ್ಲಿ ಅದರ ಅಗತ್ಯವೂ ಕಡಿಮೆಯೇ.

ಕಾನೂನಿನಲ್ಲಿ ಏನಿದೆ

ಮೋಟಾರು ವಾಹನಗಳ ಅಧಿನಿಯಮ, 1988ಕ್ಕೆ 2019ರಲ್ಲಿ ಮಾಡಲಾದ ತಿದ್ದುಪಡಿಯ ಪ್ರಕಾರ, ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಬಳಸುವುದು ಕಲಂ 184ರ ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ಬರುತ್ತದೆ. ಮೊದಲ ಅಪರಾಧಕ್ಕೆ 6 ತಿಂಗಳಿಂದ 1 ವರ್ಷದವರೆಗಿನ ಕಾರಾವಾಸ ಅಥವಾ 1,000 ರೂ.ಗಳಿಂದ 5,000 ರೂ.ಗಳವರೆಗಿನ ದಂಡ ಅಥವಾ ಎರಡನ್ನೂ ಕಾನೂನು ವಿಧಿಸುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು ಒಂದು ವಿನಾಯಿತಿಯನ್ನು ನೀಡಿರುತ್ತದೆ: ಚಾಲಕರ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ, ಮಾರ್ಗ ತಿಳಿಯುವ ಉದ್ದೇಶಕ್ಕೆ ಮಾತ್ರ ಸಾಧನವನ್ನು ಬಳಸಬಹುದು. ಸಿಗ್ನಲ್ ಹುಡುಕುತ್ತ ಮೊಬೈಲನ್ನು ಕಿಟಕಿಯತ್ತ ಎತ್ತಿ ಹಿಡಿದು ತಿರುವಿನಲ್ಲಿ ವಾಹನ ಓಡಿಸುವುದನ್ನು ಮಾರ್ಗ ತಿಳಿಯುವ ಬಳಕೆ ಎನ್ನಲಾಗದು.

ದಾಖಲೆಗಳ ಬಗ್ಗೆ

ಚಾಲನಾ ಅನುಜ್ಞಾ ಪತ್ರ, ನೋಂದಣಿ ಪತ್ರ, ವಿಮೆ ಮೊದಲಾದವುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿಯೂ ಹಾಜರುಪಡಿಸಲು ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ 2018ರಲ್ಲಿ ಮಾಡಿದ ತಿದ್ದುಪಡಿಯು ಅವಕಾಶ ನೀಡಿದೆ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ದಾಖಲೆಯು ಮೂಲ ದಾಖಲೆಗೆ ಸಮಾನ. ಕಾರ್ಡಿನ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಂಡಲ್ಲಿ ಆ ಮಾನ್ಯತೆ ದೊರೆಯದು. ಸಿಗ್ನಲ್ ಇಲ್ಲದ ಸ್ಥಳದಲ್ಲಿ ತಪಾಸಣೆ ನಡೆದಾಗ ಈ ತಂತ್ರಾಂಶಗಳು ತೆರೆದುಕೊಳ್ಳದಿರುವ ಸಾಧ್ಯತೆ ಇದೆ. ಅನುಕೂಲವೇ ಆಗಿದ್ದರೂ ಮೊಬೈಲ್ ಒಂದನ್ನೇ ನಂಬಿ ಘಟ್ಟ ಹತ್ತುವುದು ವಿವೇಕವಲ್ಲ. ಮೂಲ ಕಾರ್ಡುಗಳು ವಾಹನದಲ್ಲಿರಲಿ.

ಸಾರಥಿ ಮತ್ತು ವಾಹನ್ ಜಾಲತಾಣಗಳಲ್ಲಿ ಅರ್ಜಿ ಸಲ್ಲಿಸುವವರಿಗೂ ಇದೇ ಸಿಗ್ನಲ್‌ನ ಪ್ರಶ್ನೆ ಎದುರಾಗುತ್ತದೆ. ಒಟಿಪಿ ಬರುವುದು ನೋಂದಾಯಿತ ಮೊಬೈಲ್ ಸಂಖ್ಯೆಗೆ. ಆ ಸಂಖ್ಯೆಯ ಸಿಗ್ನಲ್ ಮನೆಯಲ್ಲಿ ಸಿಗದಿದ್ದಲ್ಲಿ ಒಟಿಪಿ ತಲುಪುವ ವೇಳೆಗೆ ಅವಧಿ ಮುಗಿದಿರುತ್ತದೆ. ಆದ್ದರಿಂದ ಗಣೇಶಗುಡಿ, ಜೋಯಿಡಾ ಕಡೆಯ ಅರ್ಜಿದಾರರು ತಮ್ಮಲ್ಲಿ ಸಿಗ್ನಲ್ ದೊರೆಯುವ ಕಂಪನಿಯ ಸಂಖ್ಯೆಯನ್ನೇ ದಾಖಲಿಸುವುದು, ಮೊದಲು ದಾಖಲಿಸಿದ ಸಂಖ್ಯೆ ಬದಲಾಗಿದ್ದಲ್ಲಿ ಅರ್ಜಿಗೆ ಮುನ್ನವೇ ತಿದ್ದಿಸಿಕೊಳ್ಳುವುದು ಒಳಿತು. ಕೆಎ-65 ಸಂಖ್ಯೆಯ ವಾಹನಗಳ ಮಾಲೀಕರು ಇದಕ್ಕೆ ದಾಂಡೇಲಿಯ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದು.

ಟ್ಯಾಕ್ಸಿಗಳ ಸ್ಥಳ ಸೂಚಕ ಸಾಧನ

ಸಾರ್ವಜನಿಕ ಸೇವಾ ವಾಹನಗಳಿಗೆ ನಿಯಮ 125ಎಚ್ ಅನ್ವಯ ಸ್ಥಳ ಸೂಚಕ ಸಾಧನ ಹಾಗೂ ತುರ್ತು ಗುಂಡಿಯನ್ನು ಅಳವಡಿಸಬೇಕಾಗಿರುತ್ತದೆ. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಇದರಿಂದ ವಿನಾಯಿತಿ ಇದೆ. ಎಐಎಸ್-140 ಮಾನದಂಡದ ಈ ಸಾಧನವು ಸಿಗ್ನಲ್ ಇಲ್ಲದಾಗ ಸ್ಥಳದ ವಿವರಗಳನ್ನು ತನ್ನೊಳಗೆ ಶೇಖರಿಸಿಟ್ಟು, ಸಿಗ್ನಲ್ ದೊರೆತೊಡನೆ ಕೇಂದ್ರಕ್ಕೆ ಕಳುಹಿಸುತ್ತದೆ. ವಾಹನ ಎಲ್ಲಿ ಸಂಚರಿಸಿತೆಂಬ ದಾಖಲೆ ಹೀಗೆ ಉಳಿಯುತ್ತದೆಯಾದರೂ, ಪ್ರಯಾಣಿಕರು ಒತ್ತಿದ ತುರ್ತು ಗುಂಡಿಯ ಕರೆ ಆ ಕ್ಷಣದಲ್ಲಿ ತಲುಪಲು ಸಿಗ್ನಲ್ ಇರಲೇಬೇಕು. ಮಹಿಳೆಯರು ಮತ್ತು ಮಕ್ಕಳ ಸುರಕ್ಷತೆಗೆಂದು ತಂದ ಸಾಧನ ಕಾಡಿನ ಮಾರ್ಗದಲ್ಲಿಯೇ ಅಶಕ್ತವಾಗುವುದು ತಂತ್ರಾಂಶದಿಂದ ಸರಿಪಡುವ ಕೊರತೆಯಲ್ಲ, ಗೋಪುರಗಳಿಂದ ಸರಿಪಡಬೇಕಾದದ್ದು.

ತುರ್ತು ಸಂಖ್ಯೆ 112ಕ್ಕೆ ಮಾಡುವ ಕರೆಯು ತಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಆ ಸ್ಥಳದಲ್ಲಿ ಲಭ್ಯವಿರುವ ಬೇರೆ ಕಂಪನಿಯ ಗೋಪುರದ ಮೂಲಕ ಹೋಗಬಲ್ಲದು. ಯಾವ ಕಂಪನಿಯ ಸಿಗ್ನಲ್ ಸಹ ಇಲ್ಲದ ಕಡೆ ಈ ಕರೆಯೂ ಸಾಧ್ಯವಾಗುವುದಿಲ್ಲ. ಅಣಶಿ ಕಡೆಗೆ ಸಂಜೆ ಹೊರಡುವವರು ತಲುಪುವ ಅಂದಾಜು ವೇಳೆಯನ್ನು ಗಣೇಶಗುಡಿ ಅಥವಾ ಜೋಯಿಡಾದಲ್ಲಿಯೇ ಮನೆಯವರಿಗೆ ಅಥವಾ ವಸತಿಗೃಹಕ್ಕೆ ಕರೆ ಮಾಡಿ ತಿಳಿಸಿ ಮುಂದುವರಿಯತಕ್ಕದ್ದು.