ಬೀಗ ಹಾಕಿದ ಬಂಡಿ ಬಂಡವಾಳವೇ?

ನಾಗಮಂಗಲ ತಾಲೂಕಿನ ದೇವಲಾಪುರದಂತಹ ಹೋಬಳಿಗಳಲ್ಲಿ ಯೆಜ್ಡಿ, ಯಮಹಾ ಬೈಕುಗಳು ಒಂದು ಕಾಲಕ್ಕೆ ಹಾಲಿನ ಕ್ಯಾನು, ಹಿಂಡಿಯ ಮೂಟೆ ಹೊತ್ತು ಸಂಸಾರಗಳನ್ನು ಸಾಕಿದವು. ಇಂದು ಅಂತಹ ಬೈಕುಗಳನ್ನೇ ಕೊಂಡು, ಹೊದಿಕೆ ಹೊದಿಸಿ, ಬೆಲೆ ಏರಲೆಂದು ಕಾಯುವುದಕ್ಕೆ ‘ಹೂಡಿಕೆ’ ಎಂಬ ಗೌರವದ ಹೆಸರು ದೊರೆತಿದೆ. ಈ ಹೆಸರೇ ಮೊದಲ ಅಸತ್ಯ.

ಈ ಗೀಳಿಗೆ ಮಾದರಿ ಜಪಾನಿನ ಹಳೆಯ ವೇಗದ ಕಾರುಗಳು. ಕೇವಲ 351 ತಯಾರಾದ ಟೊಯೊಟಾ 2000ಜಿಟಿ ಕಾರುಗಳಲ್ಲೊಂದು 2022ರಲ್ಲಿ ಅಮೆರಿಕದ ಹರಾಜಿನಲ್ಲಿ 25 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಬೆಲೆ ಏರಲು ಸಿನಿಮಾದ ಮೋಹ ಒಂದು ಕಾರಣ. 25 ವರ್ಷ ತುಂಬಿದ ಕಾರಿನ ಆಮದಿಗೆ ಸುರಕ್ಷತಾ ನಿಯಮಗಳಿಂದ ವಿನಾಯಿತಿ ನೀಡುವ ಅಮೆರಿಕದ ಕಾನೂನು ಇನ್ನೊಂದು. ಪರದೇಶದ ಕಾನೂನು, ಚಿತ್ರರಸಿಕರ ಚಪಲ ಇವುಗಳ ಮೇಲೆ ನಿಂತ ಬೆಲೆಯನ್ನು ಯಾವ ವರ್ತಕ ನೆಚ್ಚಿಯಾನು?

ಅಂತಹ ಕಾರು ಇಲ್ಲಿ ದುರ್ಲಭ. ಆಸೆಗೆ ಎಟಕುವುದು ಬೈಕು. ಯಮಹಾ ಆರ್‌ಡಿ350ರ ಭಾರತೀಯ ರೂಪವಾದ ರಾಜದೂತ್ 350 ಬೈಕನ್ನು 1980ರ ದಶಕದಲ್ಲಿ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬಿಡಿಭಾಗ ದುಬಾರಿ ಎಂದು ಗ್ರಾಹಕರು ದೂರವಿಟ್ಟರು. ಇಂದು ಅದೇ ಸಂಗ್ರಾಹಕರ ಕಣ್ಮಣಿ. ಬೈಕು ಬದಲಾಗಿಲ್ಲ, ಬಯಕೆ ಬದಲಾಗಿದೆ. ಅದು ಮತ್ತೊಮ್ಮೆ ಬದಲಾಗದೆಂಬ ಭರವಸೆ ಯಾರಿಗಿದೆ?

ಅಂಗಡಿಗೆ ಹಾಕಿದ ಹಣ ಸರಕಾಗಿ, ಕೂಲಿಯಾಗಿ ಹಲವರ ಕೈ ಸೇರಿ ಲಾಭವಾಗಿ ಮರಳುತ್ತದೆ. ಬೀಗ ಹಾಕಿದ ಬಂಡಿ ಬಡ್ಡಿ ತಾರದು, ಬಾಡಿಗೆ ತಾರದು. ಟೈರು, ಬ್ಯಾಟರಿ, ವಿಮೆ ಎಂದು ಖರ್ಚನ್ನೇ ಬೇಡುತ್ತದೆ. 2021ರ ಕೇಂದ್ರ ನಿಯಮದಂತೆ ವಾಹನ ‘ವಿಂಟೇಜ್’ ಎನಿಸಲು 50 ವರ್ಷ ಮೀರಬೇಕು; 1985ರಲ್ಲಿ ಬಂದ ಆರ್‌ಎಕ್ಸ್ 100ಕ್ಕೆ ಆ ಪಟ್ಟವೂ ಇನ್ನೂ ದೂರ.

ಚಿನ್ನವೂ ಪೆಟ್ಟಿಗೆಯಲ್ಲೇ ಇರುತ್ತದಲ್ಲವೇ ಎಂಬ ವಾದವುಂಟು. ಕಷ್ಟಕಾಲದಲ್ಲಿ ಚಿನ್ನವನ್ನು ಯಾವ ಊರಿನಲ್ಲಾದರೂ ತೂಗಿ ಅಡವಿಡಬಹುದು. ಬೈಕಿಗಾದರೋ ಅದೇ ಗೀಳಿನ ಇನ್ನೊಬ್ಬ ಸಿಗಬೇಕು. ಪರಂಪರೆಯ ರಕ್ಷಣೆ ಎಂಬುದು ಇನ್ನೊಂದು ವಾದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಯೆಜ್ಡಿಗಳನ್ನು ಉಳಿಸಿದವರು ಅವುಗಳನ್ನು ರಿಪೇರಿ ಮಾಡಿದ ಮೆಕ್ಯಾನಿಕರು, ದಿನವೂ ಓಡಿಸಿದ ಸವಾರರು. ಅವರಿಗೆ ವಂದನೆ ಸಲ್ಲಲಿ. ಕಾದು ಕುಳಿತವರಿಗೆ ಆ ಪುಣ್ಯದಲ್ಲಿ ಪಾಲಿಲ್ಲ.

ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ಮೂರ್ಛೆಯೆಂದೇ ಗುರುತಿಸಿದರು. ಸವಾರಿಗೆ ಬೇಕಾದ ಬಂಡಿ ಅವಶ್ಯಕತೆ. ಬೆಲೆಗೆಂದೇ ಕೂಡಿಟ್ಟದ್ದು ಮೂರ್ಛೆ. ಪರಿಗ್ರಹ ಪರಿಮಾಣ ವ್ರತವನ್ನು ಗೌರವಿಸುವ ಶ್ರಾವಕರು, ಮಕ್ಕಳ ವ್ಯಾಸಂಗಕ್ಕೆಂದು ಕೂಡಿಟ್ಟ ಹಣವನ್ನು ಅದಕ್ಕೆ ಸುರಿಯುವ ಮುನ್ನ, ಜಮಾ ಖರ್ಚನ್ನು ಒಮ್ಮೆ ಪ್ರಾಮಾಣಿಕವಾಗಿ ಬರೆದು ನೋಡಲಿ.