ಗೋಡೆಯೊಳಗಿನ ತಂತಿ

ಲಿಂಗಂಪಲ್ಲಿಯ ಸುತ್ತ ಕಟ್ಟಡಗಳು ಏಳುತ್ತಿರುವ ವೇಗವನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. 1998ರಲ್ಲಿ ಮಾದಾಪುರದ ಸೈಬರ್ ಟವರ್ಸ್ ಉದ್ಘಾಟನೆಯಾದಂದಿನಿಂದ ಈ ಪಡುವಣ ಭಾಗದ ಚಹರೆಯೇ ಬದಲಾಗಿದೆ. 2003ರಲ್ಲಿ ಎಂ.ಎಂ.ಟಿ.ಎಸ್. ರೈಲು ಬಂದಮೇಲೆ ದುಡಿಯುವವರ ಓಡಾಟವೂ ಹೆಚ್ಚಿತು. 1956ರವರೆಗೆ ಹೈದರಾಬಾದು ರಾಜ್ಯದಲ್ಲೇ ಇದ್ದ ಬೀದರ, ಕಲಬುರ್ಗಿ, ರಾಯಚೂರುಗಳಿಂದ ಹುಡುಗರು ಇಂದಿಗೂ ಕೆಲಸ ಅರಸಿ ಈ ನಗರಕ್ಕೆ ಬರುತ್ತಾರೆ. ಅವರಲ್ಲಿ ಕೆಲವರು ಹಿಡಿದಿರುವ ಒಂದು ಹೊಸ ಕಸುಬಿನ ಕುರಿತು ಎರಡು ಮಾತು ಹೇಳಬಯಸುತ್ತೇವೆ. ಅದು ಕಾರ್ಯಾಲಯಗಳಲ್ಲಿ ಕಂಪ್ಯೂಟರುಗಳ ಜಾಲಕ್ಕೆ ಕೇಬಲ್ ಎಳೆಯುವ ಕಸುಬು.

ಹೊಸ ಕಾರ್ಯಾಲಯ ತೆರೆಯುವ ಮಾಲಿಕರು ಮೇಜು ಕುರ್ಚಿಗೂ ಗಾಜಿನ ಗೋಡೆಗೂ ಧಾರಾಳವಾಗಿ ವೆಚ್ಚ ಮಾಡುತ್ತಾರೆ. ಕೇಬಲ್ಲಿನ ಮಾತು ಬಂದಾಗ ಮಾತ್ರ ಕಡಿಮೆ ದರ ಕೂಗಿದವನಿಗೆ ಗುತ್ತಿಗೆ. ನಕ್ಷೆಯಿಲ್ಲ, ಲೆಕ್ಕವಿಲ್ಲ. ಛಾವಣಿ ಮುಚ್ಚಿ ಬಣ್ಣ ಬಳಿದಮೇಲೆ ಕೆಲಸಗಾರನನ್ನು ಕರೆಸಿ, ಬೆಳಗಾಗುವುದರೊಳಗೆ ಮುಗಿಸೆಂದು ಅಪ್ಪಣೆ.

ಈ ಕೆಲಸಕ್ಕೆ ನಿಯಮಗಳಿಲ್ಲವೆಂದಲ್ಲ. 1991ರಲ್ಲಿ ಅಮೆರಿಕದಲ್ಲಿಯೂ 1995ರಲ್ಲಿ ಅಂತರರಾಷ್ಟ್ರೀಯವಾಗಿಯೂ ಮಾನದಂಡಗಳು ಪ್ರಕಟವಾದವು. ಗೋಡೆಯೊಳಗಿನ ತಾಮ್ರದ ಕೇಬಲ್ 90 ಮೀಟರು ಮೀರಬಾರದು. ಎರಡು ತುದಿಗಳ ಸಣ್ಣ ಕೇಬಲ್‌ಗಳೂ ಸೇರಿ 100 ಮೀಟರು. ಒಳಗಿನ 8 ಎಳೆಗಳನ್ನು 4 ಜೋಡಿಗಳಾಗಿ ಹೊಸೆದಿರುವುದು ಅಂದಕ್ಕಲ್ಲ. ಒಂದು ಜೋಡಿಯ ಸಂಕೇತ ಇನ್ನೊಂದನ್ನು ಕೆಡಿಸದಿರಲೆಂದು. ಆದುದರಿಂದ ತುದಿಯಲ್ಲಿ ಹೊಸೆತವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಲಾಗದು. ಸುಮಾರು 11 ಕಿಲೋ ಭಾರಕ್ಕಿಂತ ಬಲವಾಗಿ ಜಗ್ಗಲಾಗದು. ಮೂಲೆಯಲ್ಲಿ ಮುರಿದಂತೆ ಮಡಿಸಲಾಗದು. ವಿದ್ಯುತ್ ತಂತಿಯೊಡನೆ ಒಂದೇ ಪೈಪಿನಲ್ಲಿ ತೂರಿಸಲಾಗದು.

ಇವನ್ನೆಲ್ಲ ಪಾಲಿಸಲು ಹೊತ್ತು ಬೇಕು. ಆದರೆ ಪಾಯಿಂಟಿಗೆ ಇಷ್ಟೆಂದು ಕೂಲಿ ಗೊತ್ತುಮಾಡಿದರೆ, ನಿಯಮ ಪಾಲಿಸಿದವನ ಕೈಗೆ ಕಡಿಮೆ ದುಡ್ಡು, ಹೇಗೋ ಎಳೆದು ಎದ್ದವನಿಗೆ ಹೆಚ್ಚು! ಇಂಥ ಕೂಲಿಯ ಪದ್ಧತಿ ಒಳ್ಳೆಯ ಕೆಲಸಗಾರನನ್ನು ದಂಡಿಸುವ ಪದ್ಧತಿಯೆಂದೇ ನಾವು ಹೇಳುತ್ತೇವೆ.

ಇದರ ಮೇಲೆ ಮಾಲಿನ ಮೋಸ. ಶುದ್ಧ ತಾಮ್ರದ ಬದಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗವಾಗಿ ಸಿಗುತ್ತದೆ. ಎಳೆಯ ಮೈಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಇಂದು ಕ್ಯಾಮೆರಾ, ಟೆಲಿಫೋನುಗಳಿಗೆ ವಿದ್ಯುತ್ತು ಸಹ ಇದೇ ಕೇಬಲ್ಲಿನಲ್ಲಿ ಹರಿಯುತ್ತದೆ. 2018ರ ಮಾನದಂಡದಂತೆ 90 ವಾಟುಗಳವರೆಗೆ ಕಳುಹಿಸಬಹುದು. ಅಲ್ಯೂಮಿನಿಯಂ ಎಳೆ ತಾಮ್ರಕ್ಕಿಂತ ಹೆಚ್ಚು ಕಾಯುತ್ತದೆ. ಕಟ್ಟು ಕಟ್ಟಾಗಿ ಛಾವಣಿಯೊಳಗೆ ಹುದುಗಿರುವ ಕೇಬಲ್ ಕಾಯುವುದು ಸಣ್ಣ ಸಂಗತಿಯಲ್ಲ.

ಆರು ತಿಂಗಳಿಗೆ ಜಾಲ ತೊದಲತೊಡಗುತ್ತದೆ. ಯಾವ ಕೇಬಲ್ ಎಲ್ಲಿಗೆ ಹೋಗಿದೆಯೆಂದು ಬಲ್ಲವರಿಲ್ಲ. ಆಗ ಮಾಲು ಕೊಂಡವನಾಗಲಿ, ಗಡುವು ವಿಧಿಸಿದವನಾಗಲಿ ಹೊಣೆಯಲ್ಲ. ಏಣಿ ಹತ್ತಿದವನೇ ಅಪರಾಧಿ, ಅವನ ಬಾಕಿ ಕೂಲಿಗೇ ಕತ್ತರಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲಿಕನೇ ಕೊಡಬೇಕೆಂಬ ತತ್ವ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಲ್ಲಿತ್ತು. 2020ರ ಸಂಹಿತೆಯಲ್ಲೂ ಉಳಿದಿದೆ. ಅದು ಬರಿಯ ಕಾಗದದಲ್ಲಿ ಉಳಿದರೆ ಸಾಲದು.

ನಮ್ಮ ಒತ್ತಾಯ ಸರಳವಾದುದು. ಛಾವಣಿ ಮುಚ್ಚುವ ಮೊದಲೇ ನಕ್ಷೆ ಸಿದ್ಧವಾಗಲಿ. ನಾಳೆ ಹೆಚ್ಚುವ ಮೇಜುಗಳಿಗೂ ಈಗಲೇ ಸ್ಥಳವಿರಲಿ. ಕೂಲಿ ದಿನದ ಲೆಕ್ಕದಲ್ಲಿರಲಿ. ಏಣಿಯ ಬುಡ ಹಿಡಿಯಲು ಇನ್ನೊಬ್ಬನಿರಲಿ. ಪ್ರತಿಯೊಂದು ಕೇಬಲ್ಲನ್ನೂ ಯಂತ್ರದಿಂದ ಪರೀಕ್ಷಿಸಿ, ಅದರ ವರದಿಯ ಪ್ರತಿಯನ್ನು ಕೆಲಸಗಾರನಿಗೂ ಕೊಡಲಿ. ಮುಂದೆ ದೂರು ಬಂದಾಗ ಅದೇ ಅವನ ಸಾಕ್ಷಿ.

ಕೆಲಸಗಾರ ಬಂಧುಗಳಿಗೂ ಒಂದು ಮಾತು. ಎರಡೂ ತುದಿಗೆ ನಂಬರು ಬರೆಯದೆ ಸ್ಥಳ ಬಿಡಬೇಡಿರಿ. ಬಣ್ಣದ ಕ್ರಮವನ್ನಷ್ಟೇ ಬಾಯಿಪಾಠ ಮಾಡಿ ಸುಮ್ಮನಾಗದೆ, ಅದರ ಕಾರಣವನ್ನೂ ಕಲಿಯಿರಿ. ಕಾರಣ ಬಲ್ಲವನನ್ನು ಬೆದರಿಸುವುದು ಸುಲಭವಲ್ಲ. ಅವನ ಕೂಲಿ ಇಳಿಸುವುದೂ ಸುಲಭವಲ್ಲ.